ಮಾತಿನ ಭಂಗಿಗಳು: ಗ್ರೀಕ್–ರೋಮನ್ ಭಾಷಣಕಲೆಯ ಅಲಂಕಾರಗಳನ್ನು ಕನ್ನಡದ ಮಾತಿಗೆ ಪಳಗಿಸುವ ಬಗೆ

ಅಲಂಕಾರ ಎಂದೊಡನೆ ನಮ್ಮ ಮನಸ್ಸು ಕಾವ್ಯದ ಕಡೆ ಹೋಗುತ್ತದೆ. ಉಪಮೇಯ, ಉಪಮಾನ, ವಾಚಕ, ಸಮಾನಧರ್ಮ ಎಂದು ಬಿಡಿಸಿಟ್ಟು, ಅಲಂಕಾರದ ಹೆಸರು ಹೇಳಿ ಮುಗಿಸುವುದು ರೂಢಿ. ಗ್ರೀಕರ ಹಾದಿ ಬೇರೆ. ಅವರಲ್ಲಿ ಈ ವಿದ್ಯೆ ಬಲಿತದ್ದು ನ್ಯಾಯಾಲಯದಲ್ಲಿ ಮತ್ತು ಜನಸಭೆಯಲ್ಲಿ. ಎದುರಿಗೆ ಕೂತವರು ಇನ್ನು ಸ್ವಲ್ಪ ಹೊತ್ತಿನಲ್ಲಿ ಹೌದು ಅಥವಾ ಇಲ್ಲ ಎನ್ನಬೇಕಾದ ಜಾಗದಲ್ಲಿ. ಅಲ್ಲಿ ಪ್ರತಿ ಅಲಂಕಾರಕ್ಕೂ ಒಂದು ಕೆಲಸವಿತ್ತು. ಭಾಷಣ ಬರೆಯುವವರು, ಚರ್ಚಾಸ್ಪರ್ಧೆಗೆ ತಯಾರಾಗುವವರು, ಸಭೆಯಲ್ಲಿ ಒಂದು ಬೇಡಿಕೆ ಮಂಡಿಸಬೇಕಾದವರು ಹೆಸರನ್ನು ಬಾಯಿಪಾಠ ಮಾಡುವುದಕ್ಕಿಂತ ಆ ಕೆಲಸವನ್ನು ಗುರುತಿಸಲು ಕಲಿತರೆ ವಿದ್ಯೆ ಬೇಗ ಕೈವಶವಾಗುತ್ತದೆ.

ಆಸ್ತಿಯ ತಕರಾರಿನಿಂದ ಶುರುವಾದದ್ದು

ಸಿಸಿಲಿ ದ್ವೀಪದ ಸಿರಾಕ್ಯೂಸ್ ನಗರದಲ್ಲಿ ಕ್ರಿ.ಪೂ. 466ರ ಸುಮಾರಿಗೆ ನಿರಂಕುಶ ಪ್ರಭುಗಳ ಆಳ್ವಿಕೆ ಕುಸಿಯಿತು. ಆ ಪ್ರಭುಗಳ ಕಾಲದಲ್ಲಿ ಕೈತಪ್ಪಿದ್ದ ಆಸ್ತಿಗಾಗಿ ಜನ ದಾವೆ ಹೂಡಿದರು. ಕೊರಾಕ್ಸ್ ಮತ್ತು ಟಿಸಿಯಾಸ್ ಎಂಬಿಬ್ಬರು ಆಗ ವಾದದ ಕ್ರಮವನ್ನು ಬರಹಕ್ಕಿಳಿಸಿದರು ಎಂಬ ಪರಂಪರೆಯ ಮಾತನ್ನು, ಗ್ರೀಕ್ ತತ್ತ್ವಜ್ಞಾನಿ ಅರಿಸ್ಟಾಟಲ್ ಹೇಳಿದ್ದೆಂದು ರೋಮಿನ ವಾಗ್ಮಿ ಸಿಸೆರೊ ದಾಖಲಿಸಿದ್ದಾನೆ. ಅವರ ಮುಖ್ಯ ಅಸ್ತ್ರ ‘ಸಂಭವ’. ಸಾಕ್ಷಿ ಇಲ್ಲದ ಕಡೆ ಯಾವುದು ನಡೆದಿರುವ ಸಂಭವ ಹೆಚ್ಚು ಎಂದು ತೋರಿಸುವುದು. ಬಡಕಲು ಮೈಯವನ ಮೇಲೆ ಹಲ್ಲೆಯ ಆರೋಪ ಬಂದರೆ ‘ಇಷ್ಟು ದುರ್ಬಲನಾದ ನಾನು ಹೊಡೆದಿರುವುದು ಸಂಭವವೇ?’ ಎನ್ನುತ್ತಾನೆ. ಬಲಶಾಲಿಯಾದರೆ ‘ಎಲ್ಲರೂ ನನ್ನನ್ನೇ ಶಂಕಿಸುತ್ತಾರೆಂದು ಗೊತ್ತಿದ್ದೂ ಹೊಡೆದಿರುವುದು ಸಂಭವವೇ?’ ಎನ್ನುತ್ತಾನೆ. ಅರಿಸ್ಟಾಟಲ್ ಕೊಡುವ ಉದಾಹರಣೆ ಇದು. ಎರಡನೆಯದು ವಾದದಂತೆ ಕಾಣುವ ಮೋಸ ಎಂದೂ ಅವನು ಎಚ್ಚರಿಸುತ್ತಾನೆ.

ಕ್ರಿ.ಪೂ. 427ರಲ್ಲಿ ಸಿಸಿಲಿಯ ಲಿಯೊಂಟಿನಿಯಿಂದ ಗಾರ್ಜಿಯಾಸ್ ಎಂಬ ವಾಗ್ಮಿ ಸಹಾಯ ಬೇಡಲು ರಾಯಭಾರಿಯಾಗಿ ಅಥೆನ್ಸ್‌ಗೆ ಬಂದ. ಅವನ ಮಾತಿನ ಕಟ್ಟಡ ಅಥೆನ್ಸ್ ಜನರನ್ನು ಬೆರಗುಗೊಳಿಸಿತು: ಎದುರುಬದುರಾಗಿ ನಿಲ್ಲುವ ಪದಗಳು, ಸಮತೂಕದ ವಾಕ್ಯಖಂಡಗಳು, ಖಂಡದ ಕೊನೆಯಲ್ಲಿ ಒಂದೇ ನಾದ. ಆವರೆಗೆ ಪದ್ಯಕ್ಕೆ ಮೀಸಲು ಎಂದುಕೊಂಡಿದ್ದ ಸೊಗಸು ಗದ್ಯಕ್ಕೆ ಇಳಿಯಿತು. ಈ ಮೂರಕ್ಕೂ ಇಂದಿಗೂ ಗಾರ್ಜಿಯಾಸ್‌ನ ಅಲಂಕಾರಗಳು ಎಂದೇ ಹೆಸರು.

ಅಥೆನ್ಸ್‌ನ ನ್ಯಾಯಾಲಯ ಹೇಗಿತ್ತೆಂದು ತಿಳಿದರೆ ಇವು ಯಾಕೆ ಬೇಕಾದವು ಎಂಬುದು ಸ್ಪಷ್ಟವಾಗುತ್ತದೆ. ಕಕ್ಷಿದಾರ ತಾನೇ ನಿಂತು ಮಾತಾಡಬೇಕಿತ್ತು. ಮಾತನ್ನು ಲಿಸಿಯಾಸ್‌ನಂಥವರು ಹಣ ಪಡೆದು ಬರೆದುಕೊಡುತ್ತಿದ್ದರು, ಕಕ್ಷಿದಾರ ಅದನ್ನು ಕಂಠಪಾಠ ಮಾಡುತ್ತಿದ್ದ. ಖಾಸಗಿ ದಾವೆಗೆ 201 ಅಥವಾ 401 ಮಂದಿ, ಸಾರ್ವಜನಿಕ ಮೊಕದ್ದಮೆಗೆ 501 ಅಥವಾ ಇನ್ನೂ ಹೆಚ್ಚು ಮಂದಿ ನ್ಯಾಯದರ್ಶಿಗಳು. ಅವರು ತಮ್ಮೊಳಗೆ ಚರ್ಚಿಸದೆ ನೇರವಾಗಿ ಮತ ಹಾಕುತ್ತಿದ್ದರು. ಹೊತ್ತು ಅಳೆಯಲು ನೀರಿನ ಗಡಿಯಾರ; ಅಥೆನ್ಸ್‌ನ ಅಗೋರಾದಲ್ಲಿ (ಊರಿನ ಸಂತೆ ಮೈದಾನದಲ್ಲಿ) ಸಿಕ್ಕ ಒಂದು ಮಡಕೆ ಸುಮಾರು 6 ನಿಮಿಷಕ್ಕೆ ಬರಿದಾಗುವ ಅಳತೆಯದು. ಅಂದರೆ ಕೇಳುವವರಿಗೆ ಪುಟ ಹಿಂದೆ ತಿರುಗಿಸುವ ಅವಕಾಶವಿಲ್ಲ, ಹೇಳುವವನಿಗೆ ಮರೆಯುವ ಅವಕಾಶವಿಲ್ಲ, ಹೊತ್ತು ಮೀರುವಂತಿಲ್ಲ. ಅಲಂಕಾರದ ಕಟ್ಟು ಈ ಮೂರು ಒತ್ತಡಕ್ಕೂ ಉತ್ತರ. ಕಿವಿ ಅದನ್ನು ಹಿಡಿಯುತ್ತದೆ, ನೆನಪು ಅದಕ್ಕೆ ಅಂಟುತ್ತದೆ, ಕಡಿಮೆ ಪದದಲ್ಲಿ ಹೆಚ್ಚು ಅರ್ಥ ಅದರಲ್ಲಿ ಅಡಗುತ್ತದೆ.

ಅಲಂಕಾರಕ್ಕೆ ಗ್ರೀಕರ ಪದ ‘ಸ್ಕೀಮಾ’: ಆಕಾರ, ನಿಲುವು, ಭಂಗಿ. ಸುಮಾರು ಕ್ರಿ.ಶ. 95ರಲ್ಲಿ ಹನ್ನೆರಡು ಭಾಗಗಳ ದೊಡ್ಡ ಗ್ರಂಥ ಬರೆದ ರೋಮಿನ ಅಧ್ಯಾಪಕ ಕ್ವಿಂಟಿಲಿಯನ್, ಗ್ರೀಕ್ ಶಿಲ್ಪಿ ಮೈರಾನ್ ರೂಪಿಸಿದ ಚಕ್ರ ಎಸೆಯುವವನ ಪ್ರತಿಮೆಯನ್ನು ನೆನೆಯುತ್ತಾನೆ. ನೆಟ್ಟಗೆ ನಿಂತ ಮೈಯಲ್ಲಿ ಅಂಥ ಚೆಲುವಿಲ್ಲ. ಬಾಗಿದ, ತಿರುಚಿದ ಆ ಮೈಯಲ್ಲಿ ಚಲನೆ ಇದೆ. ಮಾತೂ ಹಾಗೆಯೇ ಎನ್ನುತ್ತಾನೆ. ಆ ಮೈ ಬಾಗಿರುವುದು ಚಕ್ರ ಎಸೆಯಲಿಕ್ಕೆ ಎಂಬುದನ್ನು ನಾವು ಮರೆಯದಿದ್ದರೆ ಸಾಕು.

ಮೊದಲು ಬರಿಯ ಕರಡು

ಅಲಂಕಾರದಿಂದ ಶುರು ಮಾಡಿದ ಭಾಷಣ ಬಹುಮಟ್ಟಿಗೆ ಕೆಡುತ್ತದೆ. ಹಳಬರು ಭಾಷಣದ ಕೆಲಸವನ್ನು ಐದು ಹಂತ ಮಾಡಿದ್ದರು: ಹೇಳಬೇಕಾದ್ದನ್ನು ಹುಡುಕುವುದು, ಅದನ್ನು ಕ್ರಮಕ್ಕಿಡುವುದು, ನುಡಿಗಟ್ಟುವುದು, ನೆನಪಿಡುವುದು, ನಿಂತು ನುಡಿಯುವುದು. ಅಲಂಕಾರ ಬರುವುದು ಮೂರನೆಯದರಲ್ಲಿ. ಅದಕ್ಕೂ ಮೊದಲು ನಿಮ್ಮ ಬೇಡಿಕೆಯನ್ನು ಒಂದು ವಾಕ್ಯದಲ್ಲಿ, ಕಾರಣಗಳನ್ನು ಎರಡು ಮೂರು ವಾಕ್ಯಗಳಲ್ಲಿ, ಎದುರಾಳಿಯ ಬಲವಾದ ಆಕ್ಷೇಪವನ್ನು ಒಂದು ವಾಕ್ಯದಲ್ಲಿ ಯಾವ ಸೊಗಸೂ ಇಲ್ಲದೆ ಬರೆಯಿರಿ. ಆ ಬರಿಯ ಕರಡು ಓದಿ ಕೇಳಿದವರಿಗೆ ವಿಷಯ ಅರ್ಥವಾಗದಿದ್ದರೆ ಯಾವ ರೂಪಕವೂ ಅದನ್ನು ಉಳಿಸುವುದಿಲ್ಲ. ಶೈಲಿಯ ಮೊದಲ ಗುಣ ಸ್ಪಷ್ಟತೆ ಎಂದು ಅರಿಸ್ಟಾಟಲ್ ಬರೆದದ್ದು ಇದಕ್ಕೇ.

ನಿಮ್ಮ ವೇಗವನ್ನೂ ಈ ಹಂತದಲ್ಲೇ ಅಳೆದುಕೊಳ್ಳಿ. ಕರಡಿನ ಒಂದು ಪುಟವನ್ನು ಗಟ್ಟಿಯಾಗಿ, ಸಭೆಯಲ್ಲಿ ಓದುವ ನಿಧಾನದಲ್ಲಿ ಓದಿ, ಒಂದು ನಿಮಿಷಕ್ಕೆ ಎಷ್ಟು ಪದ ಆಗುತ್ತದೆಂದು ಎಣಿಸಿ. ಕೊಟ್ಟ ಸಮಯದಿಂದ ಹತ್ತರಲ್ಲಿ ಒಂದು ಪಾಲು ಕಳೆದು ಉಳಿದುದಕ್ಕೆ ಬರೆಯಿರಿ. ಪ್ರಶ್ನೆಯ ನಂತರದ ಮೌನ, ಸಮತೂಕದ ಖಂಡಗಳ ನಡುವಿನ ಉಸಿರು ಆ ಒಂದು ಪಾಲನ್ನು ತಿನ್ನುತ್ತವೆ.

ಎಲ್ಲಿ ಯಾವುದು ಎಂಬ ಲೆಕ್ಕವೂ ಮೊದಲೇ ಇರಲಿ. ಆರಂಭ ಸರಳವಾಗಿರಬೇಕು, ನಿಮ್ಮ ಮೇಲೆ ನಂಬಿಕೆ ಹುಟ್ಟಬೇಕಾದ ಜಾಗ ಅದು. ಏನು ನಡೆಯಿತು ಎಂದು ಹೇಳುವ ಭಾಗದಲ್ಲಿ ಅಲಂಕಾರ ಬೇಡವೇ ಬೇಡ. ಸಂಗತಿಯನ್ನು ಸಿಂಗರಿಸಿ ಹೇಳಿದರೆ ‘ಇದನ್ನು ತಯಾರು ಮಾಡಿಕೊಂಡು ಬಂದಿದ್ದಾರೆ’ ಎಂಬ ಗುಮಾನಿ ಬರುತ್ತದೆ. ವಾದದ ಭಾಗಕ್ಕೆ ವಿರೋಧ ಜೋಡಣೆ ಮತ್ತು ಪ್ರಶ್ನೆ ಹೊಂದುತ್ತವೆ. ಪುನರಾವರ್ತನೆ, ಏಣಿಯಂತೆ ಏರುವ ಮಾತು, ಜೀವವಿಲ್ಲದ್ದಕ್ಕೆ ಬಾಯಿ ಕೊಡುವುದು, ಇವೆಲ್ಲ ಕೊನೆಯ ಭಾಗದವು.

ನಾಲ್ಕು ಕೈಚಳಕ

ಕ್ರಿ.ಪೂ. ಮೊದಲ ಶತಮಾನದ ಮೊದಲ ದಶಕಗಳಲ್ಲಿ ಲ್ಯಾಟಿನ್‌ನಲ್ಲಿ ಒಂದು ಕೈಪಿಡಿ ಬಂತು. ಹೆರೆನಿಯಸ್ ಎಂಬಾತನಿಗೆ ಒಪ್ಪಿಸಿದ ಆ ಗ್ರಂಥ ಬಹಳ ಕಾಲ ಸಿಸೆರೊನ ಹೆಸರಿನಲ್ಲಿತ್ತು, ಅವನದಲ್ಲ. ಅದರಲ್ಲಿ ನುಡಿಯ ಅಲಂಕಾರ 45, ಭಾವದ ಅಲಂಕಾರ 19. ಒಟ್ಟು 64ನ್ನೂ ಕಲಿಯಲು ಕೂರುವುದು ಬೇಡ. ಕ್ವಿಂಟಿಲಿಯನ್ ಹೇಳುವ ನಾಲ್ಕು ಬದಲಾವಣೆಗಳನ್ನು ಕಲಿತರೆ ಹೆಚ್ಚಿನವು ತಾವಾಗಿ ಹುಟ್ಟುತ್ತವೆ: ಸೇರಿಸು, ಕಳೆ, ಜಾಗ ಬದಲಿಸು, ಬದಲಿ ಇಡು.

‘ಈ ಕೆಲಸವನ್ನು ನಾವು ಇಂದು ಮಾಡಬೇಕು’ ಎಂಬ ಸಾದಾ ವಾಕ್ಯ ತೆಗೆದುಕೊಳ್ಳಿ. ಸೇರಿಸಿದರೆ: ‘ಮಾಡಬೇಕು, ಇಂದೇ ಮಾಡಬೇಕು, ನಾವೇ ಮಾಡಬೇಕು.’ ಕಳೆದರೆ: ‘ಕೆಲಸ ನಮ್ಮದು. ದಿನ ಇಂದು.’ ಜಾಗ ಬದಲಿಸಿದರೆ: ‘ಇಂದೇ ಆಗಬೇಕು ಈ ಕೆಲಸ, ನಮ್ಮಿಂದ.’ ಬದಲಿ ಇಟ್ಟರೆ: ‘ಇಂದಲ್ಲದೆ ಇನ್ಯಾವಾಗ?’ ದಿನಕ್ಕೆ ಎರಡು ವಾಕ್ಯದಂತೆ ಹತ್ತು ದಿನ ಹೀಗೆ ನಾಲ್ಕೂ ಬಗೆಯಲ್ಲಿ ತಿರುಗಿಸಿ ಬರೆಯಿರಿ. ಬರೆದದ್ದನ್ನು ಬಾಯಿಬಿಟ್ಟು ಓದಿ. ಕಣ್ಣಿಗೆ ಚೆನ್ನಾಗಿ ಕಂಡ ಅರ್ಧದಷ್ಟು ಕಿವಿಯಲ್ಲಿ ಬಿದ್ದುಹೋಗುತ್ತವೆ.

ಗ್ರೀಕರು ಇನ್ನೊಂದು ಭೇದ ಮಾಡುತ್ತಾರೆ. ಪದ ತನ್ನ ಅರ್ಥದಿಂದ ಬೇರೆ ಅರ್ಥಕ್ಕೆ ತಿರುಗಿದರೆ ಅದು ‘ತ್ರೋಪೋಸ್’, ತಿರುವು. ಅರ್ಥ ಇದ್ದಲ್ಲೇ ಇದ್ದು ಜೋಡಣೆ ಬದಲಾದರೆ ಅದು ಭಂಗಿ. ನಮ್ಮ ಅರ್ಥಾಲಂಕಾರ, ಶಬ್ದಾಲಂಕಾರಗಳನ್ನು ಇವಕ್ಕೆ ಸರಿಜೋಡಿ ಎಂದುಕೊಂಡರೆ ತೊಡಕಾಗುತ್ತದೆ. ಉತ್ತರ ಬಯಸದ ಪ್ರಶ್ನೆ, ಎದುರಾಳಿಯ ಆಕ್ಷೇಪವನ್ನು ತಾನೇ ಮೊದಲು ಎತ್ತುವುದು, ಇವು ಗ್ರೀಕರಲ್ಲಿ ಭಂಗಿಗಳೇ. ನಮ್ಮ ಪಟ್ಟಿಯಲ್ಲಿ ಅವಕ್ಕೆ ನೇರವಾದ ಮನೆಯಿಲ್ಲ.

ಸಮತೂಕ: ಮಾತ್ರೆ ಎಣಿಸಿ ನೋಡಿ

ಕ್ರಿ.ಪೂ. 47ರಲ್ಲಿ ಜೆಲಾ ಯುದ್ಧ ಗೆದ್ದ ಸೀಸರ್ ಹೇಳಿದ ಮೂರು ಪದ ಎಲ್ಲರಿಗೂ ಗೊತ್ತು: ವೇನಿ, ವೀದಿ, ವೀಕಿ. ಮೂರೂ ಒಂದೇ ನಾದದಲ್ಲಿ ಮುಗಿಯುವುದರಿಂದ ಲ್ಯಾಟಿನ್‌ನಲ್ಲಿ ಈ ಮಾತಿನ ಚುರುಕು ಹೆಚ್ಚು ಎಂದು ಪ್ಲುಟಾರ್ಕ್ ಗಮನಿಸಿದ್ದಾನೆ. ಕನ್ನಡದಲ್ಲಿ ‘ಬಂದೆ, ಕಂಡೆ, ಗೆದ್ದೆ’ ಎನ್ನಿ. ಪ್ರತಿ ಪದಕ್ಕೂ ಒಂದು ಗುರು, ಒಂದು ಲಘು. ಮೂರು ಮೂರು ಮಾತ್ರೆ. ಈಗ ‘ಬಂದು, ಕಂಡು, ಗೆದ್ದೆ’ ಎಂದು ನೋಡಿ. ಸಂಗತಿ ಅದೇ, ಆದರೆ ಮೊದಲೆರಡು ಕೆಲಸಗಳು ಮೂರನೆಯದರ ಬಾಲವಾದವು. ಕನ್ನಡದ ಸಹಜ ಜಾಡು ಈ ‘ಬಂದು, ಕಂಡು’ ಸರಪಳಿಯೇ. ಆ ಸರಪಳಿಯನ್ನು ಮುರಿದು ಪ್ರತಿ ಕ್ರಿಯೆಗೂ ಪೂರ್ಣ ಕ್ರಿಯಾಪದ ಕೊಡುವುದೇ ನಮ್ಮಲ್ಲಿ ‘ಕೊಂಡಿ ಕಳೆಯುವ’ ಅಲಂಕಾರ. ವೇಗ, ತುರ್ತು, ನಿರ್ಧಾರ ಬೇಕಾದಲ್ಲಿ ಅದನ್ನು ಬಳಸಿ. ಇದರ ವಿರುದ್ಧದ್ದು ಕೊಂಡಿಯನ್ನು ಹೆಚ್ಚಿಸುವುದು: ‘ಹಗಲೂ ಇರುಳೂ ಮಳೆಯೂ ಬಿಸಿಲೂ’. ‘ಊ’ ಒಂದೊಂದು ಸಲ ಬಂದಾಗಲೂ ಹೊರೆಗೆ ಒಂದು ಕಲ್ಲು ಬೀಳುತ್ತದೆ. ಭಾರ ಹೇಳಬೇಕಾದಲ್ಲಿ ಇದು.

ಸಮತೂಕದ ಖಂಡಗಳಿಗೆ ಮಾತ್ರೆ ಎಣಿಕೆ ಒಳ್ಳೆಯ ಅಳತೆಗೋಲು. ಛಂದಸ್ಸಿನ ಪರಿಚಯವಿರುವ ಕನ್ನಡಿಗರ ಕೈಯಲ್ಲೇ ಇರುವ ಸಾಧನ. ಎರಡು ಖಂಡಗಳ ನಡುವೆ ಒಂದೆರಡು ಮಾತ್ರೆ ವ್ಯತ್ಯಾಸವಿದ್ದರೆ ಕಿವಿ ಅದನ್ನು ಸಮ ಎಂದೇ ಒಪ್ಪುತ್ತದೆ. ನಾಲ್ಕೈದಾದರೆ ಕುಂಟುತ್ತದೆ. ಹಾಗೆಂದು ಇಡೀ ಭಾಷಣವನ್ನು ಮಾತ್ರೆಗೆ ಕೂರಿಸಬೇಡಿ. ಗದ್ಯಕ್ಕೆ ಲಯ ಇರಬೇಕು, ಛಂದಸ್ಸು ಇರಬಾರದು ಎನ್ನುತ್ತಾನೆ ಅರಿಸ್ಟಾಟಲ್. ಛಂದಸ್ಸು ಕಂಡೊಡನೆ ಕೇಳುಗರ ಗಮನ ವಿಷಯ ಬಿಟ್ಟು ಮುಂದಿನ ಹೊಡೆತಕ್ಕೆ ಕಾಯತೊಡಗುತ್ತದೆ.

ಮೂರು ಖಂಡ ಇಡುವಾಗ ಕೊನೆಯದು ಉದ್ದವಾಗಿರಲಿ. ಡಿಮೆಟ್ರಿಯಸ್ ಎಂಬ ಹೆಸರಿನಲ್ಲಿ ಉಳಿದಿರುವ ಶೈಲಿಯ ಗ್ರಂಥದಲ್ಲೂ ಈ ನಿಯಮವಿದೆ: ಹಲವು ಖಂಡಗಳ ವಾಕ್ಯದಲ್ಲಿ ಕೊನೆಯದು ಉಳಿದವನ್ನು ತಬ್ಬಿಕೊಳ್ಳುವಷ್ಟು ದೊಡ್ಡದಾಗಬೇಕು. ‘ಓದಲಿಲ್ಲ, ಕೇಳಲಿಲ್ಲ, ಕೇಳಿದವರನ್ನು ಹತ್ತಿರ ಸೇರಿಸಲೂ ಇಲ್ಲ.’ ತಿರುವು ಹಾಕಿ ಉದ್ದದ್ದನ್ನು ಮೊದಲಿಟ್ಟು ಓದಿ ನೋಡಿ, ಕೊನೆಯಲ್ಲಿ ಮಾತು ಉದುರಿದಂತೆ ಕೇಳಿಸುತ್ತದೆ.

ಕನ್ನಡಕ್ಕೆ ಒಂದು ವಿಶೇಷ ಅಪಾಯವಿದೆ. ನಮ್ಮ ವಾಕ್ಯ ಸಾಮಾನ್ಯವಾಗಿ ಕ್ರಿಯಾಪದದಲ್ಲಿ ಮುಗಿಯುತ್ತದೆ. ಹಾಗಾಗಿ ಕೊನೆಯ ಪ್ರಾಸ ಪುಕ್ಕಟೆ ಸಿಗುತ್ತದೆ: ಮಾಡುತ್ತೇವೆ, ಬೆಳೆಸುತ್ತೇವೆ, ಉಳಿಸುತ್ತೇವೆ. ಕಷ್ಟಪಡದೆ ಬಂದದ್ದನ್ನು ಕಿವಿ ಗೌರವಿಸುವುದಿಲ್ಲ. ನಾಲ್ಕು ವಾಕ್ಯ ‘ಉತ್ತೇವೆ’ ಎಂದು ಮುಗಿದರೆ ಅಲಂಕಾರದ ಬದಲು ಏಕತಾನ ಆಗುತ್ತದೆ, ಮತ್ತು ನೀವು ನಿಜವಾಗಿ ಒಂದು ಪ್ರಾಸ ಬಯಸಿದ ಜಾಗದಲ್ಲಿ ಅದು ಕೇಳಿಸುವುದೇ ಇಲ್ಲ. ಕರಡು ಮುಗಿದ ಮೇಲೆ ಪ್ರತಿ ವಾಕ್ಯದ ಕೊನೆಯ ಪದಕ್ಕೆ ಮಾತ್ರ ಗೆರೆ ಎಳೆಯಿರಿ. ಒಂದೇ ಪ್ರತ್ಯಯ ಮೂರು ಸಲ ಅಡ್ಡಾದಿಡ್ಡಿಯಾಗಿ ಬಂದಿದ್ದರೆ ಒಂದನ್ನು ಕ್ರಿಯಾಪದವಿಲ್ಲದ ವಾಕ್ಯ ಮಾಡಿ (‘ಕಾರಣ ಒಂದೇ.’), ಇನ್ನೊಂದನ್ನು ಪ್ರಶ್ನೆ ಮಾಡಿ.

ಎದುರುಬದುರು, ಅಡ್ಡದಾಟು, ಏಣಿ

ವಿರೋಧ ಜೋಡಣೆ ವಾದಕ್ಕೆ ಅತ್ಯಂತ ಉಪಯುಕ್ತ. ಎರಡು ಸಂಗತಿಗಳನ್ನು ಪಕ್ಕಪಕ್ಕ ಇಟ್ಟಾಗ ಎರಡೂ ಬೇಗ ತಿಳಿಯುತ್ತವೆ, ತೀರ್ಮಾನ ಕೇಳುಗರ ತಲೆಯಲ್ಲೇ ಹುಟ್ಟುತ್ತದೆ. ಕೆಡುವುದು ಎಲ್ಲಿ ಎಂದರೆ, ವಿರೋಧ ಬರಿಯ ಪದದಲ್ಲಿದ್ದು ಸಂಗತಿಯಲ್ಲಿ ಇಲ್ಲದಾಗ. ‘ಅವರದು ಮಾತು, ನಮ್ಮದು ಕೃತಿ’ ಎಂಬುದು ಯಾರು ಬೇಕಾದರೂ ಯಾರ ಬಗ್ಗೆ ಬೇಕಾದರೂ ಹೇಳಬಹುದಾದ ಮಾತು. ಎರಡೂ ಕಡೆ ಒಂದು ಸಂಖ್ಯೆ, ಒಂದು ದಿನ, ಒಂದು ವಸ್ತು ಇದ್ದರೆ ಮಾತ್ರ ವಿರೋಧ ನಿಲ್ಲುತ್ತದೆ.

ಅದೇ ಎರಡು ಪದ ಎರಡನೆಯ ಖಂಡದಲ್ಲಿ ಜಾಗ ಅದಲುಬದಲಾದರೆ ಅಡ್ಡದಾಟು. ಹೆರೆನಿಯಸ್ ಕೈಪಿಡಿ ಕೊಡುವ ಉದಾಹರಣೆ: ಬದುಕಲೆಂದು ಉಣ್ಣಬೇಕು, ಉಣ್ಣಲೆಂದು ಬದುಕಬಾರದು. ವಿಭಕ್ತಿ ಪ್ರತ್ಯಯಗಳಿರುವ ಕನ್ನಡದಲ್ಲಿ ಪದಗಳನ್ನು ಧಾರಾಳವಾಗಿ ಆಚೀಚೆ ಮಾಡಬಹುದು, ಅರ್ಥ ಕೆಡುವುದಿಲ್ಲ. ಐದು ನಿಮಿಷದ ಭಾಷಣಕ್ಕೆ ಇದು ಒಂದೇ ಒಂದು ಸಾಕು. ಎರಡನೆಯದು ಬಂದಾಗ ಕೇಳುಗರಿಗೆ ಯಂತ್ರ ಕಾಣಿಸಿಬಿಡುತ್ತದೆ.

ಏಣಿಗೆ ಗ್ರೀಕ್ ಪದ ‘ಕ್ಲೈಮಾಕ್ಸ್’. ಇಂದು ಆ ಪದಕ್ಕೆ ಶಿಖರ ಎಂಬ ಅರ್ಥ ಬಂದಿದೆ, ಮೂಲದಲ್ಲಿ ಅದು ಮೆಟ್ಟಿಲೇಣಿ. ಒಂದು ಖಂಡದ ಕೊನೆಯನ್ನು ಹಿಡಿದು ಮುಂದಿನ ಖಂಡಕ್ಕೆ ಹತ್ತುವುದು. ಕ್ರಿ.ಪೂ. 330ರಲ್ಲಿ ಅಥೆನ್ಸ್‌ನ ವಾಗ್ಮಿ ಡೆಮಾಸ್ತನೀಸ್ ತನ್ನ ಜೀವಮಾನದ ರಾಜಕೀಯವನ್ನು ಸಮರ್ಥಿಸಿಕೊಂಡ ಭಾಷಣದಲ್ಲಿ ಇದರ ಹೆಸರಾಂತ ಉದಾಹರಣೆ ಇದೆ. ಅದರ ತಿರುಳು: ಹೇಳಿ, ಠರಾವು ಬರೆಯದೆ ಬಿಡಲಿಲ್ಲ, ಬರೆದು, ರಾಯಭಾರ ಹೋಗದೆ ಬಿಡಲಿಲ್ಲ, ಹೋಗಿ, ಥೀಬ್ಸ್ ಜನರನ್ನು ಒಪ್ಪಿಸದೆ ಬಿಡಲಿಲ್ಲ. ಕನ್ನಡದ ‘ಹೇಳಿ, ಬರೆದು, ಹೋಗಿ’ ರೂಪಗಳು ಈ ಅಲಂಕಾರಕ್ಕೆಂದೇ ಹುಟ್ಟಿದಂತಿವೆ. ಮೂರು ಮೆಟ್ಟಿಲು ಚೆಂದ, ನಾಲ್ಕು ಗರಿಷ್ಠ. ಪ್ರತಿ ಮೆಟ್ಟಿಲಲ್ಲೂ ಕೆಲಸ ನಿಜವಾಗಿ ದೊಡ್ಡದಾಗುತ್ತಿರಬೇಕು, ಇಲ್ಲವಾದರೆ ನೆಲದ ಮೇಲೆ ಏಣಿ ಮಲಗಿಸಿ ಹತ್ತಿದಂತೆ.

ಮತ್ತೆ ಮತ್ತೆ ಹೇಳುವುದು

ಕ್ರಿ.ಪೂ. 63ರಲ್ಲಿ ರೋಮಿನ ಆಡಳಿತ ಸಭೆಯಾದ ಸೆನೆಟ್ ಎದುರು, ಆಳ್ವಿಕೆಯನ್ನು ಕೆಡವಲು ಸಂಚು ಹೂಡಿದ್ದ ಕ್ಯಾಟಿಲೀನನ ಮೇಲೆ ಹರಿಹಾಯ್ದ ಸಿಸೆರೊ, ‘ನಿಹಿಲ್’ (ಯಾವುದೂ ಇಲ್ಲ) ಎಂಬ ಪದವನ್ನು ಖಂಡದ ಮೊದಲಲ್ಲಿ ಸಾಲಾಗಿ ಆರು ಸಲ ಇಡುತ್ತಾನೆ. ಆರು ಯಾಕೆ ಬೇಸರ ತರಿಸುವುದಿಲ್ಲ ಎಂದು ನೋಡುವುದರಲ್ಲಿ ಪಾಠವಿದೆ. ಪಾಲಟೈನ್ ಬೆಟ್ಟದ ಇರುಳು ಕಾವಲು, ನಗರದ ಪಹರೆ, ಜನರ ಭಯ, ಸಜ್ಜನರು ನೆರೆದದ್ದು, ಸೆನೆಟ್ ಸೇರಿದ ಈ ಭದ್ರವಾದ ಜಾಗ, ಇಲ್ಲಿ ಕೂತಿರುವವರ ಈ ಮುಖಗಳು. ಹೊರಗಿನಿಂದ ಒಳಕ್ಕೆ, ದೂರದಿಂದ ಕ್ಯಾಟಿಲೀನನ ಕಣ್ಣೆದುರಿಗೆ ವರ್ತುಲ ಬಿಗಿಯುತ್ತಾ ಬರುತ್ತದೆ. ಪದ ನಿಂತಲ್ಲೇ ನಿಂತಿದೆ, ವಿಷಯ ನಡೆಯುತ್ತಿದೆ. ಪುನರಾವರ್ತನೆಯ ಗುಟ್ಟು ಇಷ್ಟೇ. ವಿಷಯವೂ ನಿಂತರೆ ಅದು ಬರಿಯ ಗದ್ದಲ.

ಇದನ್ನು ಕನ್ನಡಕ್ಕೆ ತಂದಾಗ ಪುನರಾವರ್ತನೆ ಖಂಡದ ಮೊದಲಿನಿಂದ ಕೊನೆಗೆ ಜಾರುತ್ತದೆ: ‘ಇರುಳು ಕಾವಲು ನಿನ್ನನ್ನು ಅಲುಗಿಸಲಿಲ್ಲವೇ? ನಗರದ ಪಹರೆ ಅಲುಗಿಸಲಿಲ್ಲವೇ?’ ನಮ್ಮ ನಿಷೇಧ ಕ್ರಿಯಾಪದದ ಜೊತೆ ಕೊನೆಗೆ ಬರುವುದರಿಂದ ಹೀಗಾಗುವುದು ಸಹಜ. ಮೊದಲಲ್ಲೇ ಬೇಕೆಂದರೆ ‘ನಮಗೆ’, ‘ಇಲ್ಲಿ’, ‘ಯಾರು’ ಇಂಥ ಎರಡು ಮೂರು ಅಕ್ಷರದ ಪದ ಆರಿಸಿ. ಉದ್ದ ಪದ ಮೊದಲಲ್ಲಿ ಮತ್ತೆ ಮತ್ತೆ ಬಂದರೆ ನಾಲಿಗೆ ದಣಿಯುತ್ತದೆ. ಮೂರು ಸಲ ಸಾಮಾನ್ಯಕ್ಕೆ ಸಾಕು.

ರೂಪಕ: ಹೆಚ್ಚು ಲಾಭ, ಹೆಚ್ಚು ಅಪಾಯ

‘ಅಕಿಲೀಸ್ ಸಿಂಹದಂತೆ ನುಗ್ಗಿದ’ ಎಂದರೆ ಉಪಮೆ, ‘ಸಿಂಹ ನುಗ್ಗಿತು’ ಎಂದರೆ ರೂಪಕ, ಎರಡಕ್ಕೂ ವ್ಯತ್ಯಾಸ ಸ್ವಲ್ಪವೇ ಎನ್ನುತ್ತಾನೆ ಅರಿಸ್ಟಾಟಲ್. (ನಮ್ಮ ಲಾಕ್ಷಣಿಕರು ಎರಡನೆಯದನ್ನು ಅತಿಶಯೋಕ್ತಿಯಲ್ಲಿ ಸೇರಿಸಿಯಾರು. ಗ್ರೀಕರ ‘ಮೆಟಾಫೊರಾ’ ನಮ್ಮ ರೂಪಕಕ್ಕಿಂತ ಅಗಲವಾದ ಚೀಲ. ಮೂಲ ಅರ್ಥ ‘ಆಚೆ ಸಾಗಿಸುವುದು’.) ಸಿಸೆರೊ ಇದನ್ನು ಬಟ್ಟೆಗೆ ಹೋಲಿಸುತ್ತಾನೆ: ಚಳಿ ತಡೆಯಲೆಂದು ಹುಟ್ಟಿದ ಬಟ್ಟೆ ಆಮೇಲೆ ಚೆಲುವಿಗೂ ಆಯಿತು, ಪದ ಇಲ್ಲದ ಕೊರತೆಗೆಂದು ಹುಟ್ಟಿದ ರೂಪಕ ಆಮೇಲೆ ಸೊಗಸಿಗೂ ಆಯಿತು.

ರೂಪಕ ಆರಿಸುವಾಗ ಮೊದಲ ಪ್ರಶ್ನೆ: ಎತ್ತಬೇಕೋ, ಇಳಿಸಬೇಕೋ? ಎತ್ತಬೇಕಾದರೆ ಅದೇ ಜಾತಿಯ ಮೇಲಿನ ವಸ್ತುವಿನಿಂದ, ಇಳಿಸಬೇಕಾದರೆ ಕೆಳಗಿನದರಿಂದ ತೆಗೆದುಕೊಳ್ಳಿ ಎಂಬುದು ಅರಿಸ್ಟಾಟಲ್‌ನ ಸಲಹೆ. ಕಡಲ್ಗಳ್ಳರು ತಮ್ಮನ್ನು ಸರಬರಾಜುದಾರರು ಎಂದು ಕರೆದುಕೊಳ್ಳುತ್ತಾರೆ ಎಂದು ಅವನು ತೋರಿಸುತ್ತಾನೆ. ಕವಿ ಸಿಮೊನಿಡೀಸ್‌ನ ಪ್ರಸಂಗ ಇನ್ನೂ ಸೊಗಸಾದದ್ದು. ಹೇಸರಗತ್ತೆಗಳ ಓಟದಲ್ಲಿ ಗೆದ್ದವನು ಕಡಿಮೆ ಹಣಕ್ಕೆ ಹೊಗಳಿಕೆಯ ಹಾಡು ಕೇಳಿದಾಗ, ಅರೆಗತ್ತೆಗಳ ಮೇಲೆ ಹಾಡು ಕಟ್ಟುವುದೇ ಎಂದು ಕವಿ ಹಿಂಜರಿದ. ಸಾಕಷ್ಟು ಹಣ ಬಂದಾಗ ‘ಬಿರುಗಾಳಿಯ ಕಾಲಿನ ಕುದುರೆಗಳ ಹೆಣ್ಣುಮಕ್ಕಳೇ’ ಎಂದು ಹಾಡಿದ. ಪ್ರಾಣಿ ಒಂದೇ, ತಾಯಿಯ ಕಡೆಯಿಂದ ಒಂದು ಹೆಸರು, ತಂದೆಯ ಕಡೆಯಿಂದ ಇನ್ನೊಂದು. ಎದುರಾಳಿ ಆರಿಸಿದ ಹೆಸರನ್ನು ನೀವು ಒಪ್ಪಿಕೊಂಡು ಮಾತು ಶುರು ಮಾಡಿದರೆ ಅರ್ಧ ವಾದ ಸೋತಂತೆ ಎಂಬುದನ್ನು ಇದರಿಂದ ಕಲಿಯಬಹುದು.

ಎರಡನೆಯ ಪ್ರಶ್ನೆ: ಇದನ್ನು ಕಾಗದದ ಮೇಲೆ ಚಿತ್ರವಾಗಿ ಬರೆಯಲು ಆಗುತ್ತದೆಯೇ? ‘ಬೆಲೆ ಗಗನಕ್ಕೇರಿದೆ’, ‘ಸಮಸ್ಯೆಯ ಬೆನ್ನೆಲುಬು’ ಇವು ಸತ್ತ ರೂಪಕಗಳು. ಒಂಟಿಯಾಗಿದ್ದರೆ ಯಾರಿಗೂ ಚಿತ್ರ ಕಾಣುವುದಿಲ್ಲ. ‘ಗಗನಕ್ಕೇರಿದ ಬೆಲೆಯ ಬೆನ್ನೆಲುಬು ಮುರಿಯಬೇಕು’ ಎಂದು ಪಕ್ಕದಲ್ಲಿಟ್ಟರೆ ಎರಡೂ ಎದ್ದು ಕೂರುತ್ತವೆ, ಕೇಳುಗರು ನಗುತ್ತಾರೆ. ಅದಕ್ಕೇ ಒಂದು ಭಾಷಣಕ್ಕೆ ಒಂದೇ ರೂಪಕದ ಕುಟುಂಬ ಇಟ್ಟುಕೊಳ್ಳಿ. ಬಾಗಿಲು ಎಂದು ಶುರು ಮಾಡಿದರೆ ಬೀಗ, ಹೊಸ್ತಿಲು, ಕದ ತಟ್ಟುವುದು ಇಷ್ಟರಲ್ಲೇ ಇರಿ. ರೂಪಕ ತೀರ ದಿಟ್ಟವಾಯಿತು ಎನಿಸಿದರೆ ಡಿಮೆಟ್ರಿಯಸ್ ಗ್ರಂಥದ ಉಪಾಯ ಮಾಡಿ: ‘ಅಂತೆ’, ‘ಹಾಗೆ’ ಸೇರಿಸಿ ಉಪಮೆ ಮಾಡಿಬಿಡಿ. ಅಪಾಯ ಇಳಿಯುತ್ತದೆ.

ಪ್ರಶ್ನೆ, ಮೌನ, ಬೇರೆಯವರ ಬಾಯಿ

ಕೇಳಿ ತಾನೇ ಉತ್ತರಿಸುವ ಪ್ರಶ್ನೆ ಕೇಳುಗರ ಜಾರುವ ಗಮನವನ್ನು ಹಿಡಿದು ತರುತ್ತದೆ. ಉತ್ತರ ಪ್ರಶ್ನೆಗಿಂತ ಚಿಕ್ಕದಿರಲಿ. ಸಭೆಯಲ್ಲಿ ಯಾರಾದರೂ ಬೇರೆ ಉತ್ತರ ಕೂಗಬಹುದಾದ ಪ್ರಶ್ನೆಯನ್ನು ಕೇಳಲೇಬೇಡಿ.

ನಾಡು, ಸತ್ತವರು, ಕಟ್ಟಡ ಇವಕ್ಕೆ ಬಾಯಿ ಕೊಡುವುದು ದೊಡ್ಡ ಅಸ್ತ್ರ. ಅದೇ ಭಾಷಣದಲ್ಲಿ ಸಿಸೆರೊ ತಾಯ್ನಾಡೇ ಕ್ಯಾಟಿಲೀನನ ಜೊತೆ ಮಾತಾಡುವಂತೆ ಮಾಡುತ್ತಾನೆ. ಇದಕ್ಕೆ ಅಸಾಧಾರಣ ವಾಕ್ಶಕ್ತಿ ಬೇಕು ಎಂದು ಕ್ವಿಂಟಿಲಿಯನ್ ಎಚ್ಚರಿಸಿದ್ದಾನೆ. ಹೊಸಬರು ಮೂರು ವಾಕ್ಯಕ್ಕಿಂತ ಹೆಚ್ಚು ಎಳೆಯದಿರುವುದು ಕ್ಷೇಮ. ಮಾತನ್ನು ಅರ್ಧಕ್ಕೆ ನಿಲ್ಲಿಸುವುದು ಸಿಟ್ಟು ಅಥವಾ ದುಃಖ ನಿಜವಾಗಿ ಇರುವಾಗ ಮಾತ್ರ ಒಪ್ಪುತ್ತದೆ. ‘ಅವರ ಹಳೆಯ ಕೃತ್ಯಗಳ ಬಗ್ಗೆ ನಾನು ಹೇಳುವುದಿಲ್ಲ’ ಎನ್ನುತ್ತಲೇ ಹೇಳುವ ಉಪಾಯವೂ ಹಳೆಯದೇ. ಪುರಾವೆ ಇಲ್ಲದ ಆರೋಪವನ್ನು ಹಿಂಬಾಗಿಲಿಂದ ತರಲು ಅದನ್ನು ಬಳಸುವುದು ಅನ್ಯಾಯ, ಕಲಿಯುವವರು ಅದನ್ನು ಗುರುತಿಸಲು ಕಲಿತರೆ ಸಾಕು.

ಒಂದು ಪ್ಯಾರಾ, ಮೂರು ರೂಪ

ಬರಿಯ ಕರಡು: ‘ಗ್ರಂಥಾಲಯ ಸಂಜೆ 5 ಗಂಟೆಗೆ ಮುಚ್ಚುತ್ತದೆ. ಕೆಲಸಕ್ಕೆ ಹೋಗುವವರಿಗೆ 6ರ ನಂತರವೇ ಬಿಡುವು. ಹೀಗಾಗಿ ಅವರಿಗೆ ಗ್ರಂಥಾಲಯದ ಉಪಯೋಗ ಸಿಗುತ್ತಿಲ್ಲ. ಮುಚ್ಚುವ ಸಮಯವನ್ನು ರಾತ್ರಿ 8ಕ್ಕೆ ಬದಲಿಸಬೇಕು.’

ಭಂಗಿ ಕೊಟ್ಟ ರೂಪ: ‘ಗ್ರಂಥಾಲಯ ಮುಚ್ಚುವುದು 5ಕ್ಕೆ, ದುಡಿಯುವವರ ಬಿಡುವು 6ಕ್ಕೆ. ಪುಸ್ತಕ ಇರುವ ಹೊತ್ತಿಗೆ ಓದುಗರಿಲ್ಲ, ಓದುಗರು ಬರುವ ಹೊತ್ತಿಗೆ ಪುಸ್ತಕವಿಲ್ಲ. ಬೀಗ ಬಿದ್ದ ಬಾಗಿಲ ಮುಂದೆ ನಿಂತವರು ಯಾರು? ಹಗಲೆಲ್ಲ ದುಡಿದು ಇರುಳು ಓದಬೇಕೆಂದು ಬಂದವರು. ನಾವು ಕೇಳುತ್ತಿರುವುದು ಹೊಸ ಕಟ್ಟಡವಲ್ಲ, ಹೊಸ ಪುಸ್ತಕವಲ್ಲ, ಮೂರು ಗಂಟೆ.’

ಮೊದಲ ವಾಕ್ಯದ ವಿರೋಧಕ್ಕೆ ಎರಡು ಸಂಖ್ಯೆಗಳ ಬಲವಿದೆ. ಎರಡನೆಯದು ಅಡ್ಡದಾಟು, ಎಣಿಸಿದರೆ ಮೊದಲ ಖಂಡ 18 ಮಾತ್ರೆ, ಎರಡನೆಯದು 19. ಪ್ರಶ್ನೆಗೆ ಉತ್ತರ ಒಂದೇ ಚಿತ್ರ. ಕೊನೆಯಲ್ಲಿ ‘ಉದ್ದದ್ದು ಕೊನೆಗೆ’ ಎಂಬ ನಿಯಮವನ್ನು ಬೇಕೆಂದೇ ಮುರಿದಿದೆ, ಯಾಕೆಂದರೆ ಇಲ್ಲಿ ತೋರಿಸಬೇಕಾದದ್ದು ಬೇಡಿಕೆ ಎಷ್ಟು ಚಿಕ್ಕದೆಂಬುದನ್ನು. ನಿಯಮ ಮುರಿಯುವುದಕ್ಕೂ ಇಂಥ ಕಾರಣ ಇರಬೇಕು.

ಕೆಟ್ಟ ರೂಪ: ‘ಜ್ಞಾನಮಹಾಸಾಗರವಾದ ಗ್ರಂಥಾಲಯದ ಕಣ್ಣುಗಳು 5ಕ್ಕೇ ಮುಚ್ಚಿ, ಶ್ರಮಜೀವಿಗಳ ಮನವೆಂಬ ಮೊಗ್ಗು ಅರಳುವ ಮುನ್ನವೇ ಕಗ್ಗತ್ತಲ ಸಂಕೋಲೆಯಲ್ಲಿ ಕಮರುತ್ತಿದೆ.’ ಸಾಗರಕ್ಕೆ ಕಣ್ಣು, ಮೊಗ್ಗಿಗೆ ಸಂಕೋಲೆ. ಚಿತ್ರ ಬರೆಯಲು ಆಗದು. ಅದಕ್ಕಿಂತ ದೊಡ್ಡ ನಷ್ಟವೆಂದರೆ 6 ಗಂಟೆಯೂ 8 ಗಂಟೆಯೂ ಮಾಯವಾಗಿವೆ; ಏನು ಬೇಕೆಂದು ಕೇಳುಗರಿಗೆ ಗೊತ್ತೇ ಆಗುವುದಿಲ್ಲ.

ಇಂಥ ಮಾತಿಗೆ ಅರಿಸ್ಟಾಟಲ್ ‘ತಣ್ಣಗಿನ ಮಾತು’ ಎಂದು ಹೆಸರಿಟ್ಟು ನಾಲ್ಕು ಕಾರಣ ಕೊಡುತ್ತಾನೆ: ಕಟ್ಟಿ ಹೊಸೆದ ಸಮಾಸ, ಬಳಕೆಯಲ್ಲಿಲ್ಲದ ಪದ, ಉದ್ದವಾದ ಅಥವಾ ಹೊತ್ತಲ್ಲದ ಹೊತ್ತಿನ ವಿಶೇಷಣ, ಹೊಂದದ ರೂಪಕ. ಸಂಸ್ಕೃತ ಸಮಾಸಗಳು ಸುಲಭವಾಗಿ ಕೈಗೆ ಸಿಗುವ ಕನ್ನಡದಲ್ಲಿ ಮೊದಲ ರೋಗವೇ ಹೆಚ್ಚು. ‘ಬಿಳಿಯ ಹಾಲು’ ಎಂಬುದು ಕಾವ್ಯಕ್ಕೆ ಸರಿ, ಗದ್ಯಕ್ಕಲ್ಲ ಎನ್ನುತ್ತಾನೆ. ಆಲ್ಕಿಡಮಾಸ್ ಎಂಬ ವಾಗ್ಮಿ ವಿಶೇಷಣವನ್ನು ಮಸಾಲೆಯಂತೆ ಬಳಸದೆ ಊಟವನ್ನಾಗಿಯೇ ಬಡಿಸುತ್ತಾನೆ ಎಂದೂ ಟೀಕಿಸುತ್ತಾನೆ. ಕರಡಿನ ಪ್ರತಿ ವಿಶೇಷಣವನ್ನೂ ಹೊಡೆದುಹಾಕಿ ಓದಿ. ಅರ್ಥ ಬದಲಾದರೆ ಮಾತ್ರ ಅದನ್ನು ವಾಪಸ್ ಕರೆಯಿರಿ.

ಕತ್ತರಿಸುವ ಕೆಲಸ

ಐದು ನಿಮಿಷದ ಭಾಷಣಕ್ಕೆ ಒಂದು ರೂಪಕದ ಕುಟುಂಬ, ಎರಡು ವಿರೋಧ, ಒಂದು ಪುನರಾವರ್ತನೆ, ಎರಡು ಪ್ರಶ್ನೆ, ಕೊನೆಯಲ್ಲೊಂದು ಮೂರರ ಕಟ್ಟು. ಇಷ್ಟೇ ತುಂಬಾಯಿತು. ಹೊಳೆಯುವ ಮಾತುಗಳು ಭಾಷಣದ ಕಣ್ಣುಗಳಿದ್ದಂತೆ, ಆದರೆ ಮೈಯೆಲ್ಲ ಕಣ್ಣಾಗುವುದು ನನಗೆ ಬೇಡ ಎನ್ನುತ್ತಾನೆ ಕ್ವಿಂಟಿಲಿಯನ್. ಉಳಿದ ಅಂಗಗಳು ಕೆಲಸ ಮಾಡಬೇಕಲ್ಲ. ಲಾಂಜೈನಸ್ ಹೆಸರಿನಲ್ಲಿರುವ ಗ್ರಂಥ ಇನ್ನೂ ಮುಂದೆ ಹೋಗಿ, ಅಲಂಕಾರ ಎಂಬುದೇ ಕಾಣದಂತೆ ಅಡಗಿರುವುದು ಶ್ರೇಷ್ಠ ಅಲಂಕಾರ ಎನ್ನುತ್ತದೆ. ಸೂರ್ಯ ಇದ್ದಾಗ ಮಂಕು ದೀಪಗಳು ಕಾಣದಂತೆ, ಭಾವ ದೊಡ್ಡದಿದ್ದಾಗ ಉಪಾಯ ಕಣ್ಣಿಗೆ ಬೀಳುವುದಿಲ್ಲ.

ಪರೀಕ್ಷೆಗೆ, ಭಾಷಣವನ್ನು ಒಬ್ಬರಿಗೆ ಓದಿ ಹೇಳಿ ಅರ್ಧ ಗಂಟೆ ಬಿಟ್ಟು ಏನು ನೆನಪಿದೆ ಎಂದು ಕೇಳಿ. ‘ಗ್ರಂಥಾಲಯ ಮೂರು ಗಂಟೆ ಹೆಚ್ಚು ತೆರೆದಿರಬೇಕಂತೆ’ ಎಂದರೆ ಭಂಗಿ ಕೆಲಸ ಮಾಡಿದೆ. ‘ತುಂಬಾ ಚೆನ್ನಾಗಿ ಮಾತಾಡಿದಿರಿ’ ಎಂದಷ್ಟೇ ಹೇಳಿದರೆ, ಅವರಿಗೆ ಬಹಳ ಇಷ್ಟವಾದ ಸಾಲು ಯಾವುದೆಂದು ಕೇಳಿ ಅದನ್ನೇ ಮೊದಲು ಕತ್ತರಿಸಿ ನೋಡಿ.

ಕೊನೆಯ ಸಾಲು

ಮುಕ್ತಾಯಕ್ಕೆ ಕೊಂಡಿಯಿಲ್ಲದ ಚಿಕ್ಕ ಖಂಡಗಳು ಹೊಂದುತ್ತವೆ ಎಂದು ಹೇಳಿ, ಅರಿಸ್ಟಾಟಲ್ ಭಾಷಣಕಲೆಯ ಮೇಲಿನ ತನ್ನ ಗ್ರಂಥವನ್ನೇ ಹಾಗೆ ಮುಗಿಸುತ್ತಾನೆ. ನಾಲ್ಕು ಕ್ರಿಯಾಪದ, ನಾಲ್ಕೇ: ಹೇಳಿದ್ದೇನೆ, ಕೇಳಿದ್ದೀರಿ, ತಿಳಿದಿದ್ದೀರಿ, ತೀರ್ಮಾನಿಸಿ. ಈ ಅಚ್ಚಿನಲ್ಲಿ ನಿಮ್ಮ ವಿಷಯದ ಕ್ರಿಯಾಪದಗಳನ್ನು ಸುರಿಯಿರಿ. ಪ್ರತಿ ಪದದ ನಂತರ ಒಂದು ಉಸಿರು ನಿಲ್ಲಿ, ಕೊನೆಯ ಪದದಲ್ಲಿ ದನಿ ಏರಿಸಬೇಡಿ. ಆಮೇಲೆ ‘ಇಷ್ಟು ಹೇಳಿ ನನ್ನ ಎರಡು ಮಾತುಗಳನ್ನು ಮುಗಿಸುತ್ತೇನೆ’ ಎಂದು ಸೇರಿಸದೆ ಕೆಳಗಿಳಿಯಿರಿ.